ಶೇಂಗಾ ಹಾಲಿನ ಮಳೆಗಾಲ

ನೆನೆಸಿದ ಶೇಂಗಾಬೀಜಕ್ಕೆ ಅದರದೇ ಒಂದು ವಾಸನೆ ಇದೆ. ಹುರಿದ ಶೇಂಗಾದಂತೆ ಅದು ಓಣಿಯ ತುದಿಗೇ ಗೊತ್ತಾಗುವಂಥದ್ದಲ್ಲ. ಪಾತ್ರೆಯ ಮೇಲೆ ಬಗ್ಗಿದರೆ ಮಾತ್ರ ಸಿಗುತ್ತದೆ. ಹಸಿ ಹಸಿ, ಸ್ವಲ್ಪ ಮಣ್ಣು, ಸ್ವಲ್ಪ ಹುಲ್ಲು. ಮೊನ್ನೆ ಏಕಾದಶಿಯ ಆಮಟಿಗೆಂದು ನೆನೆಹಾಕಿದ್ದ ಬೀಜದ ಮುಚ್ಚಳ ತೆಗೆದವಳು ಸುಮ್ಮನೆ ನಿಂತುಬಿಟ್ಟೆ. ಹೊರಗೆ ಧಾರವಾಡದ ಜಿಟಿಜಿಟಿ ಮಳೆ. ನನ್ನ ಕಣ್ಣ ಮುಂದೆ ಮಾತ್ರ ದಾಂಡೇಲಿಯ ಆ ಶಾಲೆಯ ಹಿಂದಿನ ಪಡಸಾಲೆ, ಹೊಗೆ ಹಿಡಿದ ಗೋಡೆ, ಸಾಲಾಗಿ ಬೋರಲು ಹಾಕಿದ ಅಲ್ಯುಮಿನಿಯಂ ಲೋಟಗಳು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆಯವರು ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಕ್ವಾರ್ಟರ್ಸ್ ಇನ್ನೂ ಸಿಕ್ಕಿರಲಿಲ್ಲ. ಕೋಗಿಲಬನಕ್ಕೆ ಹೋಗುವ ರಸ್ತೆಯ ಮೇಲೆ ಬಾಡಿಗೆ ಮನೆ. ಮಳೆಗಾಲದಲ್ಲಿ ಒಂದು ಕಡೆಯಿಂದ ಕಾಳಿ ನದಿಯ ಸದ್ದು, ಇನ್ನೊಂದು ಕಡೆಯಿಂದ ಪಾಳಿ ಬದಲಾದಾಗ ಕೂಗುವ ಮಿಲ್ಲಿನ ಭೊಂಗಾ. ಒಗೆದ ಬಟ್ಟೆ ಒಲೆಯ ಮೇಲಿನ ಹಗ್ಗದಲ್ಲೇ ಒಣಗಬೇಕು. ಹೀಗಾಗಿ ನಾವೆಲ್ಲರೂ ಆ ನಾಲ್ಕು ತಿಂಗಳು ಹೊಗೆಯ ವಾಸನೆಯವರೇ. ಮಗಳು ಸುಧಾಳನ್ನು ನಾನು ಕಲಿತಂಥ ಕಾನ್ವೆಂಟಿಗೇ ಹಾಕಬೇಕೆಂಬ ಆಸೆ ನನಗಿತ್ತು. ಆದರೆ ಅಷ್ಟು ದೂರ, ಆ ಮಳೆಯಲ್ಲಿ, ಆ ಪುಟ್ಟ ಕಾಲುಗಳು! ಕೊನೆಗೆ ಮನೆಯ ಹತ್ತಿರದ ಕನ್ನಡ ಶಾಲೆಗೇ ಹಾಕಿದೆವು; ಆಗ ಎರಡನೇ ಇಯತ್ತೆಗೆ ಹೋಗುತ್ತಿದ್ದಳು.

ಆ ವರ್ಷ ಶಾಲೆಯಲ್ಲಿ ಮಧ್ಯಾಹ್ನದ ಉಪ್ಪಿಟ್ಟಿನ ಜೊತೆಗೆ ಹಾಲೂ ಶುರುವಾಯಿತು. ಹೊರದೇಶದ ಹಾಲಿನ ಪುಡಿ, ದಪ್ಪ ಕಾಗದದ ಚೀಲಗಳಲ್ಲಿ ಬರುತ್ತಿತ್ತು. ಅಡುಗೆಯ ಗಂಗವ್ವ ಅದನ್ನು ಕುದಿಯುವ ನೀರಿಗೆ ಸುರಿದು ತಿರುವಿದರೆ ಬರೀ ಗಂಟು. ಮಕ್ಕಳು ಆ ಗಂಟನ್ನು ಬೆರಳಿನಿಂದ ಎತ್ತಿ ಗೋಡೆಗೆ ಅಂಟಿಸುತ್ತಿದ್ದರಂತೆ. ಹೆಡ್‌ಮಾಸ್ತರರಾದ ಕಲ್ಲಪ್ಪ ಗುರುಗಳು ಒಂದು ಸಂಜೆ ಕೊಡೆ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ಚೀಲದ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿದೆ, ಬಂದು ಓದಿ ಹೇಳಬೇಕು ಎಂದು ಕೇಳಿದರು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳೆಂದು ಓಣಿಗೆಲ್ಲ ಗೊತ್ತಿತ್ತು. ಔಷಧದ ಬಾಟಲಿಗಳ ಮೇಲಿನ ಚೀಟಿ ಓದಿ ಹೇಳುವುದನ್ನು ಬಿಟ್ಟರೆ ಆ ಇಂಗ್ಲಿಷು ಅಲ್ಲಿಯವರೆಗೆ ಯಾರ ಉಪಯೋಗಕ್ಕೂ ಬಂದಿರಲಿಲ್ಲ.

ಮರುದಿನ ಹೋಗಿ ಓದಿದೆ. ಮೊದಲು ಸ್ವಲ್ಪ ತಣ್ಣೀರಿನಲ್ಲಿ ಪುಡಿಯನ್ನು ಕಲಸಿಕೊಳ್ಳಿ, ಆಮೇಲೆ ಉಳಿದ ನೀರು ಸೇರಿಸಿ, ಅಷ್ಟೇ. ಗಂಗವ್ವ ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು.

"ಜುಣಕದ ಹಿಟ್ಟು ಕಲಸಿದಂಗ ಅನ್ರಲಾ. ಇಷ್ಟ ಹೇಳಾಕ ಇಂಗ್ಲಿಷ್ ಬೇಕಾತೇನ್ರಿ ಬಾಯಾರ?"

ನನಗೂ ನಗು ಬಂತು. ಅಂದಿನಿಂದ ಮನೆಗೆಲಸ ಮುಗಿದ ಮೇಲೆ ಮಧ್ಯಾಹ್ನ ಆಗಾಗ ಅಲ್ಲಿ ಹೋಗಿ ಕೈಜೋಡಿಸುವುದು ರೂಢಿಯಾಯಿತು. ಗಂಟಿಲ್ಲದ ಹಾಲು ತಯಾರಾಗತೊಡಗಿದ ಮೇಲೆ ಗುರುಗಳು ಒಂದು ನಿಯಮ ಮಾಡಿದರು: ಖಾಲಿ ಲೋಟ ತೋರಿಸಿದವರಿಗೆ ಉಪ್ಪಿಟ್ಟು. ಮಕ್ಕಳು ಲೋಟ ತುಂಬಿಸಿಕೊಂಡು ಹಿಂದಿನ ಪಡಸಾಲೆಗೆ ಹೋಗುವರು, ಕುಡಿದು ತೊಳೆದು ಬೋರಲು ಹಿಡಿದು ಬರುವರು. ಒಂದು ತೊಟ್ಟೂ ಉಳಿದಿರುತ್ತಿರಲಿಲ್ಲ. ಗುರುಗಳಿಗೆ ಹಿಗ್ಗು. ಹಾಲು ಕಂಡರಿಯದ ಮಕ್ಕಳು ಇಲ್ಲಿ ಹಾಲುಂಡು ಬೆಳೆಯುತ್ತಿದ್ದಾರೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಒಳ್ಳೆಯ ಮನುಷ್ಯ. ಬೈಲಹೊಂಗಲದ ಕಡೆಯ ಒಕ್ಕಲು ಮನೆಯವರು. ನಾಲ್ಕು ಎಮ್ಮೆ ಕಟ್ಟಿದ ಮನೆಯಲ್ಲಿ ಬೆಳೆದವರು.

ಸುಧಾಳ ಪಕ್ಕ ಕೂರುತ್ತಿದ್ದವಳು ಲೂಸಿ. ಕೋಗಿಲಬನದ ಕಡೆಯ ಸಿದ್ದಿ ಮನೆತನದ ಹುಡುಗಿ. ಅಪ್ಪ ಅಂತೋನ ಬಿದಿರು ಕಡಿಯುವ ಕೆಲಸಕ್ಕೆ, ಅವ್ವ ಮರಿಯಾಬಾಯಿ ನಾಟಿ ಕೆಲಸಕ್ಕೆ. ಗುಂಗುರು ಕೂದಲನ್ನು ಬಿಗಿಯಾಗಿ ಹೆಣೆದು ತುದಿಗೆ ಕೆಂಪು ಟೇಪು ಕಟ್ಟಿಕೊಂಡು ಬರುತ್ತಿದ್ದಳು. ಒಗೆದೂ ಒಗೆದೂ ಆ ಟೇಪು ಇಟ್ಟಂಗಿ ಬಣ್ಣಕ್ಕೆ ತಿರುಗಿತ್ತು. ಮನೆಯಲ್ಲಿ ಕೊಂಕಣಿ ಮಾತು, ಆದರೂ ಆ ವರ್ಗದಲ್ಲಿ ಕನ್ನಡ ಪಾಠವನ್ನು ಎಲ್ಲೂ ತಡವರಿಸದೆ ಓದುತ್ತಿದ್ದವಳು ಅವಳೊಬ್ಬಳೇ. ಹಾಲಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಎದುರಿಗೇ ನಿಂತು ಒಂದೇ ಉಸಿರಿಗೆ ಕುಡಿಯುತ್ತಿದ್ದಳು. ಆಮೇಲೆ ತಾಸೊಪ್ಪತ್ತಿಗೆ ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು ಗೋಡೆಗೆ ಆತು ಕೂತಿರುವಳು. ಒಂದು ದಿನ ಬಂದರೆ ಇನ್ನೊಂದು ದಿನ ಇಲ್ಲ.

ಗಂಗವ್ವ ದೃಷ್ಟಿ ಎಂದಳು. ನಾನು ಜಂತುಹುಳವೇನೋ ಎಂದುಕೊಂಡೆ. ಗುರುಗಳಿಗೆ ಮಾತ್ರ ಸಂಶಯವೇ ಇರಲಿಲ್ಲ: ಹುಡುಗಿಗೆ ಶಕ್ತಿ ಸಾಲದು. ಅವಳಿಗೆ ದಿನಾ ಇನ್ನೊಂದು ಲೋಟ ಹಾಲು ಹೆಚ್ಚಿಗೆ ಕೊಡಬೇಕೆಂದು ಗಂಗವ್ವನಿಗೆ ಹೇಳಿದರು. ಲೂಸಿ ಅದನ್ನೂ ಕುಡಿದಳು.

ಪಂಚಮಿ ಬಂತು. ನಮ್ಮ ಕಡೆ ನಾಗಪ್ಪನಿಗೆ ಹಾಲೆರೆಯುವಾಗ ಮನೆಯ ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು ಹನಿ ಬಿಡುತ್ತೇವಲ್ಲ, ಸುಧಾಳಿಗೂ ಅದನ್ನೇ ಹೇಳಿಕೊಡೋಣವೆಂದು ಹಿತ್ತಲಿನ ಹುತ್ತಕ್ಕೆ ಕರೆದುಕೊಂಡು ಹೋದೆ. ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ. ಬಟ್ಟಲು ಹಿಡಿದವಳೇ ಶುರುಮಾಡಿದಳು: ದೇವರ ಪಾಲು, ಗುರುಗಳ ಪಾಲು, ಅವ್ವನ ಪಾಲು, ಅಪ್ಪನ ಪಾಲು, ಬಾಬೂನ ಪಾಲು, ಹಸೀನಾನ ಪಾಲು, ಲೂಸಿ ಪಾಲು. ಏನೋ ಬಹಳ ದಿನದ ಅಭ್ಯಾಸ ಇದ್ದ ಹಾಗೆ, ಮಗ್ಗಿ ಒಪ್ಪಿಸಿದಂತೆ. ಇಷ್ಟು ಚೆನ್ನಾಗಿ ಎಲ್ಲಿ ಕಲಿತೆ ಎಂದು ಕೇಳಿದೆ.

"ಸಾಲ್ಯಾಗ. ದಿನಾ ಎರಿತೇವಲಾ," ಅಂದಳು.

ಮರುದಿನ ಅವಳ ಕೈ ಹಿಡಿದು ಶಾಲೆಯ ಹಿಂದೆ ಹೋದೆ. ಪಡಸಾಲೆಯ ಮೆಟ್ಟಿಲಿಳಿದರೆ ನೆಲ್ಲಿಕಾಯಿ ಗಿಡದ ಬುಡದಲ್ಲಿ ಒಂದು ಹುತ್ತ. ಅದರ ಒಂದು ಮಗ್ಗುಲು ಪೂರ್ತಿ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಮೊಸರು ಹುಳಿತ ವಾಸನೆ. ಊರಿನ ಇರುವೆಯೆಲ್ಲ ಅಲ್ಲೇ ಇತ್ತು. ನಾವು ಗಂಟೊಡೆದು ಕಾಯಿಸಿ ತಿರುವಿದ ಹಾಲೆಲ್ಲ ಅಲ್ಲೇ ಇತ್ತು. ಹಿಂದೂ ಮಕ್ಕಳು ಶುರುಮಾಡಿದ್ದನ್ನು ಅವಳ ವರ್ಗದ ಹಸೀನಾಳೂ ಬಾಬೂನೂ ಎಲ್ಲರೂ ಕಲಿತಿದ್ದರು. ಕುಡಿದರೆ ಹೊಟ್ಟೆ ಗುಡುಗುಡು ಅನ್ನುವವರು ಕೆಲವರು, ಆ ಪುಡಿಯ ವಾಸನೆಯೇ ಆಗದವರು ಇನ್ನು ಕೆಲವರು. ದೊಡ್ಡವರು ಯಾರಾದರೂ ನೋಡಿದರೂ ನಾಗಪ್ಪನಿಗೆ ಹಾಲೆರೆಯುವ ಮಗುವನ್ನು ಗದರುವುದು ಹೇಗೆ? ಗಂಗವ್ವ ಒಂದೆರಡು ಸಲ ಕಂಡು ಕೈಮುಗಿದು ಒಳಗೆ ಬಂದಿದ್ದಳಂತೆ.

"ಲೂಸಿನೂ ಎರಿತಾಳೇನು?"

"ಇಲ್ಲವ್ವಾ. ಹುತ್ತಕ್ಕ ಎರಿಬಾರದು ಅಂತ ಆಕಿ ಅವ್ವ ಹೇಳ್ಯಾಳ. ಕೊಟ್ಟಿದ್ದು ಚೆಲ್ಲಬಾರದು ಅಂತನೂ ಹೇಳ್ಯಾಳ. ಅದಕ್ಕ ಒಮ್ಮೊಮ್ಮೆ ಆಕಿ ಪಾಲು ನಾನ ಎರಿತೇನಿ." ಮತ್ತೆ ಹೇಳಿದಳು. "ನಾ ಎರದ ದಿನ ಆಕಿಗೆ ಹೊಟ್ಟಿ ಕಡಿಯೂದಿಲ್ಲ."

ಅಷ್ಟು ಹೇಳಿ ಅವಳು ಉದುರಿದ ಎಳೆ ನೆಲ್ಲಿಕಾಯಿ ಆರಿಸಲು ಹೋದಳು. ನಾನು ಅಲ್ಲೇ ಕೊಡೆ ಹಿಡಿದು ನಿಂತಿದ್ದೆ. ಉಳಿದ ಮಕ್ಕಳಿಗೆಲ್ಲ ಒಂದು ದಾರಿಯಿತ್ತು. ಹೇಳಿದ ಮಾತು ಕೇಳುವ ಆ ಒಂದು ಮಗುವಿಗೆ ಮಾತ್ರ ದಾರಿಯಿರಲಿಲ್ಲ.

ಲೂಸಿ ಆಗ ಶಾಲೆಗೆ ಬರದೆ ವಾರದ ಮೇಲಾಗಿತ್ತು. ಅಂದೇ ಮಧ್ಯಾಹ್ನ ಅವರ ಮನೆಗೆ ಹೋದೆ. ಮಣ್ಣಿನ ಗೋಡೆ, ಮುಂದೆ ತಗಡಿನ ಇಳಿಜಾರು, ಬಾಗಿಲ ಮೇಲೆ ಏಸುವಿನ ಪಟ, ಪಟಕ್ಕೆ ಅಂದಿನದೇ ದಾಸವಾಳ. ಮರಿಯಾಬಾಯಿ ನಾಟಿಯಿಂದ ಆಗಷ್ಟೇ ಬಂದಿದ್ದಳು. ಕಾಲಿನ ಕೆಸರು ಒಣಗಿರಲಿಲ್ಲ. ಲೂಸಿ ಒಳಗೆ ತಮ್ಮನನ್ನು ತೂಗುತ್ತಿದ್ದಳು. ಮರಿಯಾಬಾಯಿ ನನಗೆ ಚಾಪೆ ಹಾಕಿ, ಬೆಲ್ಲದ ಕರಿ ಚಹಾ ಕೊಟ್ಟಳು. ಆ ಮನೆಯಲ್ಲಿ ಎಲ್ಲರೂ ಕುಡಿಯುವುದು ಅದನ್ನೇ ಎಂದು ಒಲೆಯ ಮೇಲಿನ ದೊಡ್ಡ ಪಾತ್ರೆ ನೋಡಿದರೆ ತಿಳಿಯುತ್ತಿತ್ತು.

ಶಾಲೆಗೆ ಯಾಕೆ ಕಳಿಸುತ್ತಿಲ್ಲ ಎಂದು ಕೇಳಿದೆ. ಅವಳು ಕಾಲಿನ ಕೆಸರು ಉಜ್ಜತೊಡಗಿದಳು. ಆಮೇಲೆ ಒಂದೊಂದಾಗಿ ಬಂತು. ಅಂತೋನನ ಅಕ್ಕ, ನಾತಾಲಿನ ಎಂಬವಳು, ಗೋವಾದಲ್ಲಿ ಒಂದು ಮನೆಯಲ್ಲಿ ಕೆಲಸಕ್ಕಿದ್ದಾಳೆ. ಆ ಮನೆಯವರಿಗೆ ಸಣ್ಣ ಮಗುವನ್ನು ಆಡಿಸಲು ಒಬ್ಬ ಹುಡುಗಿ ಬೇಕು. ಗಣೇಶ ಚವತಿ ಮುಗಿದ ಮೇಲೆ ನಾತಾಲಿನ ಬರುತ್ತಾಳೆ, ಲೂಸಿಯನ್ನು ಕರೆದುಕೊಂಡು ಹೋಗುತ್ತಾಳೆ.

"ಸಾಲಿಗೆ ಹೋದ್ರ ಹೊಟ್ಟಿ ಬ್ಯಾನಿ, ಮನ್ಯಾಗಿದ್ರ ಆರಾಮ. ನಮ್ಮ ಮಕ್ಕಳಿಗೆ ಸಾಲಿ ಒಗ್ಗೂದಿಲ್ಲ ಅಂತಾನ ಆಕಿ ಅಪ್ಪ. ನಾ ಏನ್ ಹೇಳ್ಲಿ ಬಾಯಿ? ನನಗೂ ಹಂಗ ಕಾಣಾಕ ಹತ್ತೈತಿ."

ಶಾಲೆ ಅಲ್ಲ, ಹಾಲು ಎಂದೆ ನಾನು. ಅವಳು ನನ್ನ ಮುಖವನ್ನೇ ನೋಡಿದಳು. ಗುರುಗಳು ಪ್ರೀತಿಯಿಂದ ಎರಡು ಲೋಟ ಕೊಡುತ್ತಾರೆಂದು ಲೂಸಿ ಮನೆಯಲ್ಲಿ ಹೇಳಿದ್ದಳಂತೆ. ಅದರ ಮೇಲೆ ಹೇಗೆ ದೂರುವುದೆಂದು ಇವಳೂ ಸುಮ್ಮನಿದ್ದಳು. ಎಂಟು ದಿನ ನನಗೆ ಬಿಡು, ಹಾಲಿಲ್ಲದೆ ಕಳಿಸು, ನೋಡೋಣ ಎಂದು ಕೇಳಿಕೊಂಡು ಎದ್ದೆ. ಮರುದಿನ ಲೂಸಿ ಬಂದಳು.

ಗುರುಗಳಿಗೆ ಹೇಳಲು ಹೋದರೆ ಅವರು ನಂಬಲಿಲ್ಲ. "ವೈನಿ, ಹಾಲಿನಿಂದ ಯಾರಿಗರೆ ಹೊಟ್ಟಿ ಕಡೀತೈತೇನ್ರಿ? ನಮಗ ಹೊಟ್ಟಿ ಕಡದ್ರ ನಮ್ಮವ್ವ ಹಾಲ ಕಾಸಿ ಕೊಡತಿದ್ಲು." ಅವರನ್ನು ಹುತ್ತದ ಹತ್ತಿರ ಕರೆದುಕೊಂಡು ಹೋದೆ. ಚಪ್ಪಲಿ ಕಳೆದು ಒಮ್ಮೆ ಕೈಮುಗಿದರು, ಮತ್ತೆ ಚಪ್ಪಲಿ ಹಾಕಿಕೊಂಡರು. ಮಕ್ಕಳಿಗೆ ಹೊಡೆಯುತ್ತಾರೇನೋ ಎಂದು ನನಗೆ ಭಯ. ಅವರು ಹೊಡೆಯುವವರಲ್ಲ. ಹಾಗಾದರೆ ಈ ಮಕ್ಕಳಿಗೆ ಏನು ಕೊಡಲಿ ಎಂದಷ್ಟೇ ಕೇಳಿದರು. ಬರೀ ಉಪ್ಪಿಟ್ಟು ತಿಂದರೆ ಮೈಗೆ ಹತ್ತುವುದಿಲ್ಲ, ನೀರು ಕೊಟ್ಟು ಹಾಲು ಅನ್ನಲಾಗುವುದಿಲ್ಲ ಎಂದರು.

ಅದಕ್ಕೆ ಉತ್ತರ ಸಿಕ್ಕಿದ್ದು ಏಕಾದಶಿಯ ಉಪವಾಸದ ದಿನ. ಬೆಳಗಾವಿ ಕಡೆಯ ನಮ್ಮತ್ತೆಯವರಿಂದ ನಾನು ಕಲಿತದ್ದು ಶೇಂಗಾದ ಆಮಟಿ. ನೆನೆಸಿದ ಬೀಜವನ್ನು ನುಣ್ಣಗೆ ರುಬ್ಬಿ, ನೀರು ಬೆರೆಸಿ ಕುದಿಸುವುದು. ಅಂದು ಒರಳಿನಿಂದ ಬಳಿದ ಹಿಟ್ಟಿಗೆ ನೀರು ಹಾಕಿದಾಗ, ಜೀರಿಗೆ ಮೆಣಸಿನಕಾಯಿ ಹಾಕುವ ಮುಂಚೆ, ಪಾತ್ರೆಯಲ್ಲಿ ಇದ್ದದ್ದು ಹಾಲಿನಂತೆಯೇ ಬೆಳ್ಳಗೆ ನೊರೆನೊರೆಯಾಗಿತ್ತು. ಎಷ್ಟೋ ವರ್ಷದಿಂದ ಅದನ್ನು ನೋಡುತ್ತಿದ್ದೆ, ಅಂದು ಕಂಡಿತು.

ಮೊದಲ ಸಲದ್ದು ಬಾಯಿಗಿಡುವಂತಿರಲಿಲ್ಲ. ಹಸಿವಾಸನೆ. ಸುಧಾ ಒಂದು ಗುಟುಕು ಕುಡಿದು ನಾಲಿಗೆ ಹೊರಹಾಕಿದಳು. ರಾತ್ರಿಪಾಳಿ ಮುಗಿಸಿ ಬಂದ ನಮ್ಮ ಮನೆಯವರಿಗೆ ಕೊಟ್ಟರೆ, ನಮ್ಮ ಮಿಲ್ಲಿನಲ್ಲಿ ಬಿದಿರು ಅರೆದು ಇದನ್ನೇ ಮಾಡುತ್ತಾರೆ, ಒಣಗಿಸಿದರೆ ಕಾಗದವಾದೀತು ಎಂದರು. ಎರಡನೆಯ ಸಲ ಬೀಜವನ್ನು ಹೆಚ್ಚು ಹುರಿದೆ. ಹಾಲು ಹೋಗಿ ಚಟ್ನಿಯ ನೀರಾಯಿತು. ಗಂಗವ್ವ ನಮ್ಮ ಮನೆಗೇ ಬಂದು ಕೂತಳು. ಬೆಚ್ಚಗೆ ಮಾತ್ರ ಹುರಿದು, ಸಿಪ್ಪೆ ಕೇರಿ ತೆಗೆದು, ನೆನೆಸಿ, ರುಬ್ಬಿ, ಹಳೇ ಧೋತರದಲ್ಲಿ ಸೋಸಿ, ಶುಂಠಿ ಜಜ್ಜಿ ಹಾಕಿ ಬಹಳ ಹೊತ್ತು ಕುದಿಸಿ, ಕೊನೆಗೆ ಬೆಲ್ಲ. ಇಬ್ಬರೂ ತಪ್ಪುತ್ತ ತಪ್ಪುತ್ತ ಅಲ್ಲಿಗೆ ಮುಟ್ಟಿದೆವು. ಹೀಗೆ ಮಾಡಿದ್ದನ್ನು ಸುಧಾ ಕುಡಿದಳು. ಲೂಸಿ ಕುಡಿದಳು. ನಾನು ಅವಳನ್ನು ಮನೆಗೆ ಕಳಿಸದೆ, ಅದೂ ಇದೂ ನೆಪ ಹೇಳಿ ಸಂಜೆಯವರೆಗೆ ಅಂಗಳದಲ್ಲೇ ಇಟ್ಟುಕೊಂಡೆ. ಇಬ್ಬರೂ ಕುಂಟಾಬಿಲ್ಲೆ ಆಡಿದರು. ನಾನು ಅಕ್ಕಿ ಆರಿಸುತ್ತ ಅವಳ ಕೈ ಹೊಟ್ಟೆಯ ಮೇಲೆ ಹೋಗುತ್ತದೇನೋ ಎಂದೇ ನೋಡುತ್ತಿದ್ದೆ. ಹೋಗಲಿಲ್ಲ. ಮೊರದಲ್ಲಿ ಒಂದು ಕಲ್ಲೂ ಆರಿಸಿರಲಿಲ್ಲವೆಂದು ರಾತ್ರಿ ಅನ್ನ ತಿನ್ನುವಾಗ ನಮ್ಮ ಮನೆಯವರಿಗೆ ಗೊತ್ತಾಯಿತು.

ಶಾಲೆಗೆ ಅಷ್ಟು ಶೇಂಗಾ ಎಲ್ಲಿಂದ ತರುವುದೆಂದು ಗುರುಗಳ ಚಿಂತೆ. ನಮ್ಮ ಕಡೆ ಮಠಕ್ಕೆ ಮನೆಗೊಂದು ಮುಷ್ಟಿ ಕಾಳು ಎತ್ತಿಡುವ ಪದ್ಧತಿ ಇದೆಯಲ್ಲ, ಹಾಗೆ ಮಾಡೋಣವೆಂದು ಗಂಗವ್ವ ಅಂದಳು. ಹಳಿಯಾಳದ ಸಂತೆಗೆ ಹೋದವರು ತಂದರು. ಮಕ್ಕಳು ಸೋಮವಾರ ಮುಷ್ಟಿ ಬಿಗಿಹಿಡಿದುಕೊಂಡೇ ಬರುವರು. ದಾರಿಯಲ್ಲಿ ಅರ್ಧ ತಿಂದಿರುವರು. ತರಲಾಗದವರನ್ನು ಯಾರೂ ಕೇಳಲಿಲ್ಲ. ಪಡಸಾಲೆಯಲ್ಲಿ ಎರಡು ಹಂಡೆ ಇಟ್ಟೆವು. ಒಂದರಲ್ಲಿ ಪುಡಿಯ ಹಾಲು, ಒಂದರಲ್ಲಿ ಶೇಂಗಾ ಹಾಲು. ಯಾರಿಗೆ ಯಾವುದು ಬೇಕೋ ಅದು. ಪುಡಿಯ ಹಾಲನ್ನೇ ಇಷ್ಟಪಡುವವರೂ ಇದ್ದರು, ಅವರು ಅದನ್ನೇ ಕುಡಿದರು. ಹುತ್ತದ ಬಿಳಿ ಮಳೆಗೆ ತೊಳೆದುಹೋಯಿತು.

ಚವತಿಯ ಹಿಂದಿನ ವಾರ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಹೇಳಿ ಬಂದವರಲ್ಲ. ಎರಡು ಹಂಡೆ ನೋಡಿ ಹುಬ್ಬು ಗಂಟಿಕ್ಕಿದರು. ಸರಕಾರದ ಪುಡಿ ಇರುವಾಗ ಇದೇನು, ಯಾರ ಅಪ್ಪಣೆ ಎಂದು ಕೇಳಿದರು. ಗುರುಗಳ ಅಂಗಿಯ ಬೆನ್ನು ಬೆವರಿನಿಂದ ಅಂಟಿತ್ತು. ನನಗೆ ಹಿಂದಿನಿಂದ ಕಾಣುತ್ತಿತ್ತು. ನಿಲ್ಲಿಸಿ ಎಂದುಬಿಟ್ಟರೆ ಮತ್ತೆ ಅದೇ ಲೋಟ, ಅದೇ ಗೋಡೆ, ಆಮೇಲೆ ಗೋವಾದ ಬಸ್ಸು. ಏನಾದರೂ ಹೇಳಬೇಕೆಂದು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಗುರುಗಳೇ ಬಾಯಿಬಿಟ್ಟರು.

"ಸಾಹೇಬರ, ಮೊದಲ ಒಂದ ಹಂಡೆ ಇತ್ತರಿ. ನಾನು ಮಕ್ಕಳಿಗೆ ಕೊಡತಿದ್ದೆ, ಮಕ್ಕಳು ನಾಗಪ್ಪಗ ಕೊಡತಿದ್ರು. ಈಗ ಎರಡ ಅದಾವು. ಎರಡೂ ಮಕ್ಕಳ ಹೊಟ್ಟಿಗೆ ಹೊಕ್ಕಾವು. ನೀವು ಬ್ಯಾಡಂದ್ರ ಇದನ್ನ ತಗೀತೀನಿ, ಆದ್ರ ನಾಗಪ್ಪಗ ಎರಿಬ್ಯಾಡ್ರಿ ಅಂತ ಮಕ್ಕಳಿಗೆ ನೀವ ಹೇಳಬೇಕು."

ಸಾಹೇಬರು ನಗಬಾರದೆಂದು ಬಹಳ ಪ್ರಯತ್ನಿಸಿದರು. ಶೇಂಗಾ ಹಂಡೆಯಿಂದ ಅರ್ಧ ಲೋಟ ಹಾಕಿಸಿಕೊಂಡು ಕುಡಿದರು, ಶುಂಠಿ ಸ್ವಲ್ಪ ಮುಂದಾಗಿದೆ ಎಂದರು. ಪುಡಿ ಹಾಳಾಗದಂತೆ ನೋಡಿಕೊಳ್ಳಿ, ಬಾಕಿದ್ದು ನಿಮ್ಮ ಊರಿನವರ ಖುಷಿ ಎಂದು ಹೇಳಿ ಜೀಪು ಹತ್ತಿದರು. ಗುರುಗಳು ಕಟ್ಟೆಯ ಮೇಲೆ ಕೂತು ಕರವಸ್ತ್ರದಿಂದ ಮುಖ ಒರೆಸಿಕೊಂಡರು.

ಆದರೆ ನಾತಾಲಿನ ಬರುವುದು ಬಾಕಿಯಿತ್ತು. ಬಂದಳು. ಚವತಿ ಆದ ನಾಲ್ಕನೆಯ ದಿನ, ಮಡಿಕೆ ಮುರಿಯದ ಸೀರೆ ಉಟ್ಟು, ಲೂಸಿಗೆಂದು ಗೋವಾದಿಂದ ಹೊಸ ಫ್ರಾಕು ತಂದಿದ್ದಳು. ಮಧ್ಯಾಹ್ನ ಮರಿಯಾಬಾಯಿ ಅವಳನ್ನು ಕರೆದುಕೊಂಡು ಶಾಲೆಗೇ ಬಂದಳು. ಮಗಳನ್ನು ಬಿಡಿಸಿಕೊಂಡು ಹೋಗಲೇ ಬಂದಳೆಂದುಕೊಂಡೆ. ಮರಿಯಾಬಾಯಿ ಗಂಡನ ಅಕ್ಕನನ್ನು ಪಡಸಾಲೆಯ ಕಟ್ಟೆಯ ಮೇಲೆ ಕೂರಿಸಿದಳು. ಮಕ್ಕಳು ಸಾಲು ಹಚ್ಚಿದ್ದರು. ಲೂಸಿ ಶೇಂಗಾ ಹಾಲು ಕುಡಿದು, ಬಾಯಿ ಒರೆಸಿಕೊಂಡು, ಅತ್ತೆಯನ್ನು ಕಂಡು ನಕ್ಕು ಒಳಗೆ ಓಡಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳು ಪಾಠ ಓದುವ ದನಿ ಕೇಳಿಸಿತು. ಗಂಗವ್ವ ನಾತಾಲಿನಳಿಗೂ ಒಂದು ಲೋಟ ಕೊಟ್ಟಳು.

ಅವಳು ಕುಡಿದು ಲೋಟ ಕೆಳಗಿಟ್ಟಳು. ಗೋವಾದ ಮನೆಯ ಬಾಯಿ ಒಳ್ಳೆಯವಳು, ದಿನಾ ಬೆಳಿಗ್ಗೆ ಹಾಲು ಹಾಕಿದ ಚಹಾ ಕೊಡುತ್ತಾಳೆ, ಕೊಟ್ಟಿದ್ದನ್ನು ಬೇಡ ಅನ್ನಬಾರದೆಂದು ಕುಡಿಯುತ್ತೇನೆ, ಆ ನಂತರ ಹೊಟ್ಟೆ ಹಿಡಿದುಕೊಂಡೇ ಕಸ ಗುಡಿಸುತ್ತೇನೆ ಎಂದು ಹೇಳಿದಳು. ಪರಊರಿನ ನೀರು ಒಗ್ಗಲಿಲ್ಲ ಅಂದುಕೊಂಡಿದ್ದಳಂತೆ ಇಷ್ಟು ವರ್ಷ. ಹಾಲು ಅರಗದವರು ಲೋಕದಲ್ಲಿ ಬಹಳ ಮಂದಿ, ಅದು ರೋಗವೇನೂ ಅಲ್ಲ ಎಂದು ಮುಂದೆ ಹುಬ್ಬಳ್ಳಿಯ ಒಬ್ಬ ಡಾಕ್ಟರು ನನಗೆ ಹೇಳಿದರು. ಅಂದು ಅದು ನಮಗ್ಯಾರಿಗೂ ಗೊತ್ತಿರಲಿಲ್ಲ. ಕರಿ ಚಹಾ ಕೇಳು, ಕೊಡುತ್ತಾರೆ ಎಂದಷ್ಟೇ ಹೇಳಿದೆ.

ಮರಿಯಾಬಾಯಿ ಆಗ ಮಾತಾಡಿದಳು. ಕೊಂಕಣಿಯಲ್ಲಿ ಹೇಳಬಹುದಿತ್ತು, ನನಗೂ ತಿಳಿಯಲೆಂದೋ ಏನೋ, ಕನ್ನಡದಲ್ಲೇ ಹೇಳಿದಳು.

"ಅಕ್ಕಾ, ಆಕಿ ಬರಾಂಗಿಲ್ಲ. ಆಕಿ ಅಪ್ಪಗ ಹೇಳೂದು ನಿನ್ನ ಕೆಲಸ. ನಿನ್ನ ತಮ್ಮ ನನ್ನ ಮಾತು ಕೇಳಾಂಗಿಲ್ಲ, ನಿನ್ನ ಮಾತು ಕೇಳತಾನ."

ಒಳಗಿನ ಆ ದನಿ ಪಾಠ ಮುಗಿಸುವವರೆಗೆ ಕೂತಿದ್ದು, ನಾತಾಲಿನ ಎದ್ದು ಸೆರಗು ಸರಿಮಾಡಿಕೊಂಡಳು.

ಅವಳು ಹೊರಟ ದಿನ ಬೆಳಿಗ್ಗೆ ನಾನು ಸೊಪ್ಪು ಕೊಳ್ಳಲು ರಸ್ತೆಗೆ ಬಂದಿದ್ದೆ. ಜೊಯಿಡಾದ ಮೇಲೆ ರಾಮನಗರಕ್ಕೆ, ಅಂದರೆ ಗೋವಾದ ಹಾದಿಗೆ, ಹೋಗುವ ಬಸ್ಸಿಗೆ ಮರಿಯಾಬಾಯಿ, ನಾತಾಲಿನ ಇಬ್ಬರೂ ಕಾದು ನಿಂತಿದ್ದರು. ಲೂಸಿ ಕಾಣಲಿಲ್ಲ. ಮನೆಯಲ್ಲಿ ಏನಾಯಿತೋ, ಹುಡುಗಿಯನ್ನು ಹಿಂದಿನಿಂದ ಅಪ್ಪ ಕರೆತರುತ್ತಿದ್ದಾನೋ ಎಂದು ನಾನು ಸೊಪ್ಪು ಮರೆತು ರಸ್ತೆಯ ತಿರುವು ನೋಡುತ್ತಿದ್ದೆ. ಬಸ್ಸು ಬಂತು. ನಾತಾಲಿನ ಹತ್ತಿ ಕಿಟಕಿಯ ಪಕ್ಕ ಕೂತಳು. ಹೋಗುವಾಗ ಇಬ್ಬರಾಗುತ್ತೇವೆಂದು ಬರುವಾಗಲೇ ಹೇಳಿಟ್ಟಿದ್ದಳೋ ಏನೋ, ಕಂಡಕ್ಟರು ಬಾಗಿಲಲ್ಲಿ ಬಗ್ಗಿ ರಸ್ತೆಯ ಕಡೆ ನೋಡಿದ.

"ಇನ್ನೊಬ್ಬಾಕಿ ಎಲ್ಲೈದಾಳ?"

"ಸಾಲ್ಯಾಗೈದಾಳ. ನೀ ಹೊಡಿ," ಅಂದಳು ನಾತಾಲಿನ.